ಬೊಗಸೆ ಜೋಳದ ಕಂಬಳಿ

ಒಂದು ಕೂಸಿನ ಕಂಬಳಿಗೆ ಎಷ್ಟು ಬೀಳುತ್ತದೆ ಎಂದು ವಿಜಯಕುಮಾರ ನಿಂತಲ್ಲೇ ಲೆಕ್ಕ ಹಾಕಿದ. ಸುತ್ತಲಿನ ಮಾಡಗ್ಯಾಳ ತಳಿಯ ಕುರಿ ಹೆಸರಾದದ್ದು ಮಾಂಸಕ್ಕೆ. ಕಂಬಳಿಗೆ ಬೇಕಾದ ಕರಿ ಉಣ್ಣೆ ಹೊರಗಿನಿಂದಲೇ ಬರಬೇಕು. ಅದರ ಬೆಲೆ, ಕತ್ತರಿಸಿದವನ ಕೂಲಿ, ಹಿಂಜಿದವಳ ಕೂಲಿ, ನೂತವಳ ಕೂಲಿ, ಹುಣಸೆ ಬೀಜದ ಗಂಜಿ ಕುದಿಸಿ ನೂಲಿಗೆ ಹಚ್ಚಿ ಮಗ್ಗಕ್ಕೆ ಏರಿಸಿದವನ ದುಡಿಮೆ. ದೊಡ್ಡ ಕಂಬಳಿಯ ಅರ್ಧದಷ್ಟೂ ಇಲ್ಲದ ತುಂಡಾದರೇನು, ಜತ್ತದ ಸಂತೆಯಲ್ಲಿ ಸಾವಿರದೈನೂರಕ್ಕೆ ಕಡಿಮೆ ಯಾರೂ ಕೈಬಿಡುವುದಿಲ್ಲ. ಎದುರು ಮನೆಯ ಸಾವಿತ್ರವ್ವ ಕೇಳಿದ್ದು ಒಂದು ಬೊಗಸೆ ಜೋಳ.

ಬೇಡವೆಂದು ಬೆಳಿಗ್ಗೆಯೇ ಒಬ್ಬ ಹೇಳಿದ್ದ. ಮಿರಜದಿಂದ ಅವರ ಸಾಮಾನು ಹೇರಿಕೊಂಡು ಬಂದ ಜೀಪಿನ ಶಿದ್ರಾಯ. ಉಟಗಿಯ ದಾರಿಯಲ್ಲಿ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿ, ಹಿರೇವಸ್ತಿಗೆ ಹೊರಳುವ ಕವಲುದಾರಿಯ ಫಾಟಾ ಬಂದಾಗ ಅವನು ಗಾಡಿ ನಿಲ್ಲಿಸಿ ಹಿಂದೆ ಕುಳಿತ ಕೂಸನ್ನು ಕನ್ನಡಿಯಲ್ಲಿ ನೋಡಿದ.

"ಸಾವಕಾರ್ರ, ಒಂದು ಮಾತು. ಈ ವಸ್ತಿಯೊಳಗ ಕೂಸಿಗೆ ಅಂತ ಯಾರರ ಉಣ್ಣೀ ಹೊದಿಕಿ ಕೊಡಾಕ ಬಂದ್ರ ತಗೋಬ್ಯಾಡ್ರಿ. ಎಷ್ಟ ಸಸ್ತಾ ಕೊಟ್ರೂ ಬ್ಯಾಡ."

"ಯಾಕ, ಹೇನು ಇರ್ತಾವೇನು?"

ಶಿದ್ರಾಯ ನಗಲಿಲ್ಲ. "ಬ್ಯಾಡ ಅಂದ್ನೆಲ್ರಿ."

"ಮಾಟ-ಗೀಟ ಏನು? ಅಲ್ಲೋ ಮಾರಾಯಾ, ನಾ ಔಷಧ ಮಾರಾವ. ಮಾಟಕ್ಕ ಯಾವ ಗುಳಿಗಿ ಬರ್ತಾವ ಹೇಳು, ಅವನ್ನೂ ತರಿಸಿ ಇಡ್ತೀನಿ."

ಸಾಮಾನು ಇಳಿಸಿದ ಮೇಲೆ ಶಿದ್ರಾಯ ಚಹಾಕ್ಕೂ ನಿಲ್ಲಲಿಲ್ಲ.

ವಿಜಯಕುಮಾರ ವಿಜಾಪುರದವನು. ಮಿರಜದಲ್ಲಿ ಬೇರೆಯವರ ಮೆಡಿಕಲ್ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತು ಕಾಲು ಸೋತು, ಈಗ ತನ್ನದೇ ಒಂದು ಅಂಗಡಿ ಎಂದು ಇಲ್ಲಿಗೆ ಬಂದಿದ್ದ. ಮುಂದೆ ಅಂಗಡಿ, ಹಿಂದೆ ಮನೆ. ಮನೆಯೆಂದರೆ ಮಣ್ಣಿನ ಮಾಳಿಗೆಯ ಎರಡು ಕೋಣೆ. ಒಳಕೋಣೆಗೆ ಕಿಟಕಿಯಿಲ್ಲ, ಮೇಲೆ ಅಂಗೈಯಗಲ ಬೆಳಕಿಂಡಿ. ಹೆಂಡತಿ ಉಮಾಶ್ರೀ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಮಗಳು ಸೋನಾಲಿ, ಒಂದೂವರೆ ವರ್ಷದ್ದು.

ಸಾವಿತ್ರವ್ವ ಹೊಸ್ತಿಲ ಒಳಗೆ ಕಾಲಿಡಲಿಲ್ಲ. ಹೊರಗೇ ನಿಂತು ಕಂಬಳಿಯನ್ನು ಎರಡೂ ಕೈಯಲ್ಲಿ ಚಾಚಿದ್ದಳು. ಕಾಡಿಗೆಯಂಥ ಕಪ್ಪು. ಬಿಸಿಲಲ್ಲಿ ಒಣಗಿದ್ದರೂ ಅದರಿಂದ ಮಳೆಯಲ್ಲಿ ನೆಂದ ಕುರಿಯ ವಾಸನೆ ಬರುತ್ತಿತ್ತು.

"ಗುಡ್ಡದ ಗಾಳಿ ಭಾಳ ಥಂಡಿ ಐತವ್ವಾ. ಕೂಸಿಗೆ ಹೊಚ್ಚು."

ಉಮಾಶ್ರೀ ಅಂಚು ಸವರಿ ನೋಡಿದಳು. ಅಂಚಿನಲ್ಲಿ ಉಣ್ಣೆಗಿಂತ ನುಣುಪಾದದ್ದೇನೋ ಹೆಣೆದಿತ್ತು. "ಎಷ್ಟು ಮೆತ್ತಗ ಐತ್ರೀ ಆಯಿ!" ಎಂದು ಒಂದು ಬೊಗಸೆ ಜೋಳ ತಂದು ಮುದುಕಿಯ ಉಡಿಗೆ ಹಾಕಿದಳು.

"ತಗೊಂಡ್ರಿ ಹೌದಲ್ಲ?" ಸಾವಿತ್ರವ್ವ ಕೇಳಿದ್ದು ಅವಳನ್ನಲ್ಲ, ಅವನನ್ನು. "ಮನಿ ಯಜಮಾನ ಬಾಯಿಬಿಟ್ಟು ಹೇಳಬೇಕು."

"ತಗೊಂಡೆ ಆಯಿ, ತಗೊಂಡೆ. ಸ್ಟ್ಯಾಂಪ್ ಪೇಪರಿನ ಮ್ಯಾಲ ಬರದು ಕೊಡ್ಲೇನು?"

ಮುದುಕಿ ತಿರುಗಿ ನಡೆದಳು. ನಡೆಯುತ್ತ ನಡೆಯುತ್ತ ಉಡಿ ಸಡಿಲಿಸಿ ಜೋಳವನ್ನೆಲ್ಲ ಓಣಿಯ ಮಣ್ಣಿಗೆ ಚೆಲ್ಲಿದಳು. ಮಾಳಿಗೆಯ ಮೇಲೆ ಗುಬ್ಬಿಗಳು ಸಾಲಾಗಿ ಕುಳಿತಿದ್ದವು. ಒಂದೂ ಕೆಳಗಿಳಿಯಲಿಲ್ಲ. ಆಮೇಲೆ ಚಿಲಕಗಳ ಸದ್ದು. ಬೆಳಗಿನಿಂದ ಮುಚ್ಚಿದ್ದ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ತಾಯಂದಿರು ತಮ್ಮ ಕೂಸುಗಳನ್ನು ಹೊರಗೆ ತಂದು ಬಿಟ್ಟರು. ನೋಡನೋಡುತ್ತ ಓಣಿ ತುಂಬ ಮಕ್ಕಳು. ಯಾವ ತಾಯಿಯೂ ಅವರ ಮನೆಯ ಕಡೆ ಕಣ್ಣೆತ್ತಿ ನೋಡಲಿಲ್ಲ.

"ನೋಡಿದೆಲ್ಲ, ಎಷ್ಟು ಲಕಲಕ ಅನ್ನೂ ಊರು!" ಎಂದ ವಿಜಯಕುಮಾರ.

*

ಪಂಚಮಿ ಕಳೆದು ಮೋಡ ಕವಿದ ಒಂದು ಸಂಜೆ ಸೋನಾಲಿಗೆ ನೆಗಡಿ ಹಿಡಿದು ಮೈ ಬಿಸಿಯಾಯಿತು. ಜ್ವರದ ಕೂಸಿಗೆ ಹೊದಿಸಬೇಡಿ, ಗಾಳಿ ಆಡಲಿ ಎಂದು ವಿಜಯಕುಮಾರ ಗಿರಾಕಿಗಳಿಗೆಲ್ಲ ಹೇಳುವವನೇ. ತನ್ನ ಮನೆಯಲ್ಲಿ ಹೇಳುವ ಹೊತ್ತಿಗೆ ಅಂಗಡಿಯಲ್ಲಿದ್ದ. ಕೂಸು ನಡುಗಿತೆಂದು ಉಮಾಶ್ರೀ ಕಂಬಳಿಯಲ್ಲಿ ಕುತ್ತಿಗೆಯ ತನಕ ಸುತ್ತಿದಳು. ಈ ಕಡೆ ಎಲ್ಲರೂ ಮಾಡುವುದು ಅದನ್ನೇ. ಬೆವರು ಬಂದರೆ ಜ್ವರ ಬಿಡುತ್ತದೆಂದು.

ಅವಳ ಕೂಗು ಕೇಳಿ ಅವನು ಒಳಗೆ ಓಡಿದ.

ಕಂಬಳಿ ಕುಲುಕುತ್ತಿತ್ತು. ಒಳಗೆ ಸಿಕ್ಕಿಬಿದ್ದ ಪ್ರಾಣಿ ಒದ್ದಾಡುವಂತೆ. ಎಳೆದು ಬಿಚ್ಚಿದ. ಸೋನಾಲಿ ಕಟ್ಟಿಗೆಯಾಗಿ ಸೆಟೆದಿದ್ದಳು. ಕಣ್ಣು ಮೇಲೆ ಸಿಕ್ಕಿ ಬಿಳುಪು ಮಾತ್ರ ಕಾಣುತ್ತಿತ್ತು. ತುಟಿ ನೀಲಿ. ಕೈಕಾಲು ಒಂದೇ ತಾಳದಲ್ಲಿ ಕುಕ್ಕುತ್ತಿದ್ದವು. ಹಲ್ಲಿನ ಸಂದಿಯಿಂದ ನೊರೆ.

ಹತ್ತೂರಿನವರಿಗೆ ಬುದ್ಧಿ ಹೇಳಿದ ಮನುಷ್ಯ ಆಗ ಮಾಡಿದ್ದು ಹತ್ತೂರಿನವರು ಮಾಡುವುದನ್ನೇ. ಚಮಚ ತಂದು ಬಾಯಿಗೆ ತುರುಕಲು ಹೋದ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದ. ಮಗಳ ಹೆಸರು ಹಿಡಿದು ಚೀರಿದ. ಸಹಾಯಕ್ಕೆ ಓಣಿಯಿಂದ ಒಬ್ಬರೂ ಬರಲಿಲ್ಲ. ಬಾಗಿಲಾಚೆ ನಿಂತವರ ಉಸಿರು ಕೇಳುತ್ತಿತ್ತು, ಅಷ್ಟೇ.

ಸೆಳವಿನ ಝಟಕಾ ತಾನಾಗಿಯೇ ನಿಂತಿತು.

ಜತ್ತದ ಡಾಕ್ಟರಮ್ಮ ಕೂಸನ್ನು ಪೂರ್ತಿ ಪರೀಕ್ಷಿಸಿ ಸಮಾಧಾನದ ದನಿಯಲ್ಲಿ ಹೇಳಿದಳು. "ಜ್ವರದ ಝಟಕಾ ಇದು. ಸಣ್ಣ ಮಕ್ಕಳಿಗೆ ಬರ್ತದ. ನೋಡಾಕ ಜೀವ ಹೋದಂಗ ಅನಸ್ತದ, ಆದ್ರ ಮಿದುಳಿಗೆ ಏನೂ ಆಗೂದಿಲ್ಲ. ಇನ್ನೊಂದು ಜ್ವರದಾಗ ಮತ್ತ ಬರಬಹುದು. ಒಮ್ಮೆ ಬಂದ ಮೂರು ಮಕ್ಕಳೊಳಗ ಒಬ್ಬರಿಗೆ ಮತ್ತ ಬರ್ತದ. ನಿಮ್ಮಾಕಿ ಸಣ್ಣಾಕಿ, ಬರೂ ಸಂಭವ ಸ್ವಲ್ಪ ಜಾಸ್ತಿ. ಐದಾರು ವರ್ಷಕ್ಕ ನಿಂತು ಹೋಗ್ತದ."

"ಬಂದಾಗ ಏನು ಮಾಡ್ಬೇಕ್ರಿ?"

"ಒಂದು ಮಗ್ಗಲಿಗೆ ಮಲಗಿಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ, ಕೈಕಾಲು ಒತ್ತಿ ಹಿಡಿಬ್ಯಾಡ್ರಿ. ಗಡಿಯಾರ ನೋಡ್ರಿ. ಐದು ನಿಮಿಷಕ್ಕ ನಿಲ್ಲಲಿಲ್ಲ ಅಂದ್ರ ಲಗೂನ ಕರಕೊಂಡು ಬರ್ರಿ. ಮತ್ತ ಆ ಕಂಬಳಿ-ಗಿಂಬಳಿ ಹೊಚ್ಚಬ್ಯಾಡ್ರಿ."

ಅದೇ ಸರಿ ಎಂದು ವಿಜಯಕುಮಾರನಿಗೆ ನೆಮ್ಮದಿಯಾಯಿತು. ಮನೆಗೆ ಬಂದವನೇ ಕಂಬಳಿಯನ್ನು ಮಡಚಿ ಕಬ್ಬಿಣದ ಟ್ರಂಕಿನ ತಳಕ್ಕೆ ಹಾಕಿ ಕೀಲಿ ಜಡಿದು ಕೀಲಿಕೈಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡ. ಹೊರಗೆ ಸಾವಿತ್ರವ್ವನ ಮೊಮ್ಮಗ ಮಹಾಂತ, ಸೋನಾಲಿಗಿಂತ ತುಸು ದೊಡ್ಡವನು, ಕುರಿಮರಿಯ ಬೆನ್ನಟ್ಟಿ ಕೇಕೆ ಹಾಕುತ್ತಿದ್ದ. ನೆಗಡಿಯ ಸಿಂಬಳ ತುಟಿಯ ತನಕ ಇಳಿದಿತ್ತು. ಮುದುಕಿ ಅದನ್ನು ಒರೆಸುವ ಗೊಡವೆಗೂ ಹೋಗದೆ ನಿಶ್ಚಿಂತೆಯಿಂದ ಎಲೆ ಅಡಿಕೆ ಮೆಲ್ಲುತ್ತಿದ್ದಳು.

*

ಎರಡನೆಯ ಜ್ವರ ಹಾಡುಹಗಲಲ್ಲೇ ಬಂತು. ಉಮಾಶ್ರೀ ಒದ್ದೆ ಬಟ್ಟೆ ತರಲು ಬಚ್ಚಲಿಗೆ ಹೋದಳು. ಅವನು ಥರ್ಮಾಮೀಟರ್ ತರಲು ಅಂಗಡಿಗೆ ಹೋದ. ಇಬ್ಬರೂ ಒಟ್ಟಿಗೆ ಒಳಗೆ ಬಂದರು, ಒಟ್ಟಿಗೆ ನಿಂತರು.

ಮೊದಲು ವಾಸನೆ ಬಡಿಯಿತು. ನೆಂದ ಉಣ್ಣೆ, ಹುಳಿತ ಹಾಲು, ಕೊಟ್ಟಿಗೆಯ ಕೆಸರು.

ಕಂಬಳಿ ಸೋನಾಲಿಯ ಮೇಲಿತ್ತು. ಕುತ್ತಿಗೆಯ ಸುತ್ತ, ತಾಯಿ ಸಿಕ್ಕಿಸುವಂತೆ, ಅಂಚನ್ನು ಒಪ್ಪವಾಗಿ ಒಳಗೆ ಸಿಕ್ಕಿಸಿತ್ತು. ಕೂಸು ಅದರ ಕೆಳಗೆ ಕುಕ್ಕುತ್ತಿತ್ತು.

ಈ ಸಲ ಅವನು ಚಮಚ ಹುಡುಕಲಿಲ್ಲ. ಕಂಬಳಿ ಕಿತ್ತೆಸೆದು, ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತ ಕುಳಿತ. ನಿಂತಿತು. ನಿಂತ ಮೇಲೆ ಹೆಂಡತಿಯ ಮೇಲೆ ಹರಿಹಾಯ್ದ.

"ಹೊಚ್ಚಬ್ಯಾಡ ಅಂತ ಬಡಕೊಂಡ್ರೂ ತಗದು ಹೊಚ್ಚೀದಿ?"

"ಕೀಲಿಕೈ ಯಾರ ಕಡೆ ಐತ್ರಿ?"

ಅವನು ಸೊಂಟ ಮುಟ್ಟಿ ನೋಡಿಕೊಂಡ. ಕೀಲಿಕೈ ಅಲ್ಲೇ ಇತ್ತು. ಟ್ರಂಕಿನ ಕೀಲಿಯೂ ಜಡಿದೇ ಇತ್ತು. ತೆರೆದರೆ ತಳದಲ್ಲಿ ಮಡಚಿಟ್ಟ ಸೀರೆಗಳ ಮೇಲೆ ಒಂದು ಪುಟ್ಟ ಒದ್ದೆಯ ಗುರುತು. ಮುಷ್ಟಿ ಗಾತ್ರದ್ದು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಒಣ ಮುಳ್ಳು ಒಟ್ಟಿ ಸೀಮೆಎಣ್ಣೆ ಸುರಿದು ಕಂಬಳಿಗೆ ಬೆಂಕಿ ಇಟ್ಟ. ಉಣ್ಣೆ ಉರಿಯುವುದಿಲ್ಲ, ಮುರುಟುತ್ತದೆ. ಕೂದಲು ಸುಟ್ಟ ಕಮಟು ಎದ್ದಿತು. ಅಂಚು ಕರಗಿ ಕಪ್ಪು ಗುಳ್ಳೆಗಳಾದವು. ಒಳಗಿನಿಂದ ಉಮಾಶ್ರೀ ಕೂಗಿದಳು. ಜ್ವರ ಬಿಟ್ಟು ತಣ್ಣಗೆ ಮಲಗಿದ್ದ ಕೂಸಿನ ಮೈ ಕಾದ ಹೆಂಚಾಗುತ್ತಿತ್ತು. ಅವನು ಬಾಗಿಲಲ್ಲಿ ನಿಂತು ಒಮ್ಮೆ ಬೆಂಕಿಯತ್ತ, ಒಮ್ಮೆ ಮಗಳತ್ತ ನೋಡಿದ. ಮಗಳ ಕಿರುಬೆರಳಿನ ತುದಿಯಲ್ಲಿ ಬೊಬ್ಬೆ ಏಳುವುದನ್ನು ಕಣ್ಣಾರೆ ಕಂಡ.

ಕೊಡದ ನೀರನ್ನೆಲ್ಲ ಬೆಂಕಿಗೆ ಸುರಿದ. ಬರಿಗೈಯಲ್ಲಿ ಕಂಬಳಿ ಎಳೆದುಕೊಂಡ. ಮಗಳ ಮೈ ತಣ್ಣಗಾಯಿತು. ಅವನು ನೇರ ಎದುರು ಮನೆಗೆ ನಡೆದ.

*

ಸಾವಿತ್ರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನನ್ನು ನೋಡಿಯೂ ಮೊರ ನಿಲ್ಲಿಸಲಿಲ್ಲ.

"ಸುಟ್ಟಿ ಹೌದಲ್ಲ? ವಾಸನಿ ಬಂತು. ಎಲ್ಲಾರೂ ಒಮ್ಮೆ ಸುಡ್ತಾರ."

"ಏನೈತಿ ಅದರಾಗ?"

"ಕೂಸಿನ ಕೂದಲಾ." ಮುದುಕಿ ದನಿ ಇಳಿಸಿದಳು. "ನಮ್ಮ ಅತ್ತಿ ಕಾಲದ ಮಾತು. ಹೊಳಿ ಕಡೆಯಿಂದ ಕುರಿ ಹೊಡಕೊಂಡು ಬಂದಾಕಿ ಒಬ್ಬಾಕಿ. ಜಡಿಮಳಿ. ಬಗಲಾಗ ಜ್ವರದ ಕೂಸು, ಈ ಕಂಬಳ್ಯಾಗ ಸುತ್ತಿದ್ಲು. ಕೂಸು ಸೆಟಗೊಂಡು ಕುಕ್ಕೂದು ಕಂಡು ಮಂದಿ ಗಾಳಿ ಬಡದೈತಿ ಅಂತ ಅಂಜಿದ್ರು. ಪ್ರತಿ ಬಾಗಿಲಾ ಬಡದ್ಲು. ಯಾರೂ ಒಳಗ ಕರೀಲಿಲ್ಲ. ನಮ್ಮತ್ತಿ ಕಿಟಕ್ಯಾಗಿಂದ ಆಕಿ ಉಡಿಗೆ ಒಂದು ಬೊಗಸಿ ಜ್ವಾಳಾ ಹಾಕಿ, ಮುಂದ ಹೋಗು ಅಂದ್ಲು."

"ಆಮ್ಯಾಲ?"

"ಕೂಸು ಹೋತು. ಆಕಿ ಮೂರು ದಾರಿ ಕೂಡೂವಲ್ಲಿ ಕುಂತು ಅದರ ಕೂದಲಾ ಬಿಡಿಸಿ ಅಂಚಿಗೆ ಹೆಣದ್ಲು. ಏನೇನೋ ಅಂದ್ಲು, ನೆಲಕ್ಕ ಉಗಳಿದ್ಲು. ತಂದು ನಮ್ಮ ಹೊಸ್ತಿಲದ ಮ್ಯಾಲ ಇಟ್ಟು, ನಿಮ್ಮ ಜ್ವಾಳಾ ಮುಟ್ಟಿತು, ತಗೋರಿ ನನ್ನ ಕಂಬಳಿ, ನಾ ಬಾಗಿಲಾ ತಿರಗಿದಂಗ ಇದೂ ತಿರಗಲಿ, ಅಂದ್ಲು."

ಮೊರದಲ್ಲಿ ಕಲ್ಲೊಂದು ಟಣ್ ಎಂದು ಸಿಡಿಯಿತು.

"ಅವತ್ತಿನಿಂದ ತಿರಗಾಕತ್ತೈತಿ. ಯಾರ ಮನ್ಯಾಗ ಇರ್ತೈತಿ, ಆ ಮನಿ ಕೂಸಿಗೆ ಜ್ವರ ಬಂದಾಗೊಮ್ಮೆ ಬರ್ತೈತಿ. ಮೊದಲ ಸಣ್ಣದು. ಆಮ್ಯಾಲ ಉದ್ದ. ನಮ್ಮ ಮಹಾಂತಗ ಕಡೀಸಲ ಬಂದಾಗ ಮಾರಿ ಎಲ್ಲಾ ನೀಲಿ ಆಗಿತ್ತು. ಕೊಟ್ರ ಹೋಗ್ತೈತಿ. ಬೊಗಸಿ ಜ್ವಾಳಾ ತಗೊಂಡು, ತಗೊಂಡೆ ಅಂತ ಅನಿಸಿ ಕೊಡಬೇಕು."

"ಗೊತ್ತಿದ್ದೂ ಕೊಟ್ಟೀ ನೀ? ಒಂದೂವರಿ ವರ್ಷದ ಕೂಸಿಗೆ?"

ಈಗ ಸಾವಿತ್ರವ್ವ ತಲೆ ಎತ್ತಿದಳು. ಕಣ್ಣಲ್ಲಿ ನಾಚಿಕೆ ಇರಲಿಲ್ಲ. "ನಿನ್ನ ಅಂಗಡಿ ಬೋರ್ಡ್ ಏರಿಸೂದು ಕಂಡು ದೇವರಿಗೆ ಕಾಯಿ ಒಡದೀನಿ, ತಮ್ಮಾ. ನನಗ ಕೊಟ್ಟಾಕಿ ಗೊತ್ತಿದ್ದ ಕೊಟ್ಲು. ನಾ ಗೊತ್ತಿದ್ದ ಕೊಟ್ಟೆ. ನೀನೂ ಗೊತ್ತಿದ್ದ ಕೊಡ್ತಿ. ಹೋಗು, ಲಗೂನ ಗಿರಾಕಿ ನೋಡು."

*

ಗಿರಾಕಿ ತಾನಾಗಿಯೇ ಬಂದಳು. ಶ್ರಾವಣದ ಕೊನೆ, ನಡುಮಧ್ಯಾಹ್ನದಲ್ಲೇ ಕತ್ತಲು. ಗುಡ್ಡದ ಮೇಲಿನ ಯಂತ್ರಗಳ ರೆಕ್ಕೆ ಮೋಡದಲ್ಲಿ ಮುಳುಗಿ ಅವುಗಳ ಸದ್ದು ಮಾತ್ರ ಬರುತ್ತಿತ್ತು. ಕರೆಂಟು ಹೋಗಿತ್ತು. ಒಳಕೋಣೆಯಲ್ಲಿ ಸೋನಾಲಿಯ ಮೈ ಮತ್ತೆ ಬಿಸಿಯಾಗುತ್ತಿತ್ತು. ಮುದುಕಿಯ ಮಾತೆಲ್ಲ ಗಂಡನಿಂದ ಕೇಳಿದ್ದ ಉಮಾಶ್ರೀ ಅವಳ ಪಕ್ಕ ಕುಳಿತು ಗೋಡೆ ನೋಡುತ್ತಿದ್ದಳು. ಶಿದ್ರಾಯನಿಗೆ ಫೋನ್ ಮಾಡಿ ಜೀಪು ತರಲು ಹೇಳಿಯಾಗಿತ್ತು. ಹಳ್ಳ ತುಂಬಿದೆ, ತಡವಾಗುತ್ತದೆ ಎಂದಿದ್ದ.

ಅಂಗಡಿಯ ಕಟ್ಟೆಯ ಮುಂದೆ ನಿಂತವಳು ಸಿದ್ದವ್ವ. ಕುರಿ ಹಿಂಡಿನೊಂದಿಗೆ ಫಾಟಾದ ಹೊಲದಲ್ಲಿ ಬಿಡಾರ ಹೂಡಿದವರ ಪೈಕಿ. ಬಗಲಲ್ಲಿ ಕೂಸು, ತೆಳ್ಳನೆಯ ಅರಿವೆಯಲ್ಲಿ ಸುತ್ತಿದ್ದು, ಮಳೆಗೆ ತೊಯ್ದಿತ್ತು.

"ಅಣ್ಣಾರ, ಕೂಸಿನ ಮೂಗು ಕಟ್ಟೈತ್ರಿ. ಏನರ ಕೊಡ್ರಿ."

ಅವನು ಹನಿ ಔಷಧ ತೆಗೆಯಲು ಕಪಾಟಿಗೆ ತಿರುಗಿದ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಉಮಾಶ್ರೀ ಅಂಗಡಿಯಲ್ಲಿದ್ದಳು. ಕೈಯಲ್ಲಿ ಕಂಬಳಿ. ಸುಟ್ಟ ಅಂಚು ತಾನಾಗಿಯೇ ಮತ್ತೆ ಮೊದಲಿನಂತಾಗಿತ್ತು.

"ತಂಗಿ, ಕೂಸು ನಡಗಾಕತ್ತೈತಲ್ಲ. ಇದನ್ನ ತಗೋ."

ಸಿದ್ದವ್ವ ಹಿಂಜರಿದಳು. "ಭಾಳ ತುಟ್ಟಿ ಇರಬೇಕ್ರಿ ಅಕ್ಕಾರ. ನನ್ನ ಕಡೆ ರೊಕ್ಕಿಲ್ಲ."

"ರೊಕ್ಕ ಯಾರ ಕೇಳಿದ್ರು? ಚೀಲದಾಗ ಜ್ವಾಳ ಐತೆಲ್ಲ, ಒಂದು ಬೊಗಸಿ ಹಾಕು."

ಸಿದ್ದವ್ವನ ಮುಖ ಅರಳಿತು. ಚೀಲದ ಬಾಯಿ ಬಿಚ್ಚಿ, ಬೊಗಸೆ ತುಂಬಿ, ಕಟ್ಟೆಯ ಮೇಲೆ ಸುರಿದಳು. ಅವಳ ಕೂಸು ಕೈ ಚಾಚಿ ಕಂಬಳಿಯ ಅಂಚನ್ನು ಹಿಡಿಯಿತು. ಹಿಡಿದದ್ದು ಆ ನುಣುಪಾದ ಕಡೆಯಲ್ಲೇ. ಹಿಡಿದು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

ಉಮಾಶ್ರೀ ಗಂಡನತ್ತ ತಿರುಗಿದಳು. "ಕೇಳ್ರಿ."

ಅವನು ಬಾಯಿ ತೆರೆದ. ತಗೊಂಡಿ ಹೌದಲ್ಲ. ಎರಡು ಮಾತು. ಸಿದ್ದವ್ವ ಹೂಂ ಅಂದರೆ ಸಾಕು, ಒಳಗೆ ಮಗಳ ಜ್ವರ ಇಳಿಯುತ್ತದೆ. ಈ ಹೆಣ್ಣುಮಗಳು ನಾಳೆ ಬಿಡಾರ ಕಿತ್ತು ಹೋಗುತ್ತಾಳೆ. ಅವಳ ಕೂಸಿಗೆ ಎಲ್ಲಿ, ಯಾವ ಬಯಲಲ್ಲಿ, ಏನಾಯಿತೆಂಬುದು ಅವನ ಕಿವಿಗೆ ಬೀಳುವುದೂ ಇಲ್ಲ. ಲೆಕ್ಕ ಸರಿಯಾಗಿತ್ತು. ಅವನು ನೋಡಿದ ವ್ಯಾಪಾರದಲ್ಲೆಲ್ಲ ಇಷ್ಟು ಲಾಭದ ವ್ಯಾಪಾರ ಇರಲಿಲ್ಲ.

ಕೂಸು ಅವನನ್ನು ನೋಡಿ ಇನ್ನೊಮ್ಮೆ ನಕ್ಕಿತು.

ಅವನು ಕಟ್ಟೆಯ ಮೇಲಿನಿಂದ ಬಗ್ಗಿ ಕಂಬಳಿಯನ್ನು ಕಿತ್ತುಕೊಂಡ. "ಮಾರೂದಲ್ಲ ಇದು. ಜ್ವಾಳಾ ತಗೊಂಡು ಹೋಗು. ಔಷಧ ತಗೋ, ಹೋಗು! ಬಿಡಾರಕ್ಕ ಹೋಗು!"

ಸಿದ್ದವ್ವ ಬೆದರಿದಳು. ಜೋಳ ಬಿಟ್ಟು, ಕೂಸನ್ನು ಅವುಚಿಕೊಂಡು ಮಳೆಗೆ ಓಡಿದಳು.

ಉಮಾಶ್ರೀ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ನಿಮಗ ನಿಮ್ಮ ಮಗಳು ಬ್ಯಾಡೇನ್ರೀ? ಯಾರದೋ ಕೂಸು ಹೆಚ್ಚಾತೇನು?"

ಒಳಕೋಣೆಯಿಂದ ಸದ್ದು ಬಂತು. ತೊಟ್ಟಿಲ ಕಾಲು ನೆಲಕ್ಕೆ ಬಡಿಯುವ ಸದ್ದು. ಟಕ್, ಟಕ್, ಟಕ್.

ಇಬ್ಬರೂ ಓಡಿದರು.

ಸೋನಾಲಿ ಬಿಲ್ಲಾಗಿ ಬಾಗಿದ್ದಳು. ಅವನು ಎತ್ತಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿದ. ಮೊಬೈಲು ತೆಗೆದು ಎದುರಿಗಿಟ್ಟ. ಸಿಗ್ನಲ್ ಇಲ್ಲ. ಗಡಿಯಾರದ ಅಂಕಿ ಮಾತ್ರ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಒಂದು ನಿಮಿಷ. ಎರಡು. ಮಾಳಿಗೆಯ ಮೇಲೆ ಮಳೆ ಕಲ್ಲು ಸುರಿದಂತೆ. ಬೆಳಕಿಂಡಿ ಮುಚ್ಚಿಹೋಯಿತು, ಮೇಲೆ ಯಾರೋ ಅಂಗೈ ಇಟ್ಟಂತೆ. ಮೂರು. ನಿಲ್ಲಲಿಲ್ಲ. ಬಿಗಿ ಹೆಚ್ಚುತ್ತಿತ್ತು. ತುಟಿಯ ನೀಲಿ ಗಲ್ಲಕ್ಕೆ ಹರಡುತ್ತಿತ್ತು.

ಆಗ ಬಾಗಿಲು ಬಡಿಯಿತು.

ಹಿತ್ತಲ ಬಾಗಿಲು. ಮೆಲ್ಲಗೆ. ಒದ್ದೆ ಕೈಯಿಂದ ಬಡಿದ ಸದ್ದು.

"ಶಿದ್ರಾಯ!" ಉಮಾಶ್ರೀ ಎದ್ದಳು. ಅರ್ಧದಲ್ಲೇ ನಿಂತಳು. ಶಿದ್ರಾಯ ಬಂದರೆ ಜೀಪಿನ ಸದ್ದು ಬೇಕು. ಜೀಪು ಬರುವುದು ಮುಂದಿನಿಂದ. ಹಿತ್ತಲಿಗೆ ದಾರಿಯಿಲ್ಲ. ಮುಳ್ಳಿನ ಬೇಲಿ.

ಮತ್ತೆ ಬಡಿಯಿತು. ಬಾಗಿಲ ಸಂದಿಯಿಂದ ವಾಸನೆ ಒಳಗೆ ಹರಿಯಿತು. ನೆಂದ ಉಣ್ಣೆ. ಹುಳಿತ ಹಾಲು. ಕೂದಲ ಕಮಟು.

ಆಚೆಯಿಂದ ದನಿ. ಹೆಣ್ಣು ದನಿ, ಒಡೆದದ್ದು.

"ಯವ್ವಾ... ಕೂಸು ಸೆಟಗೊಂಡೈತ್ರಿ... ಬಾಗಿಲಾ ತಗೀರಿ..."

ಉಮಾಶ್ರೀ ಕಿವಿ ಮುಚ್ಚಿಕೊಂಡಳು. "ತಗೀಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ಕಂಬಳಿ ಕೊಡ್ರಿ, ನಾ ಓಡಿ ಹೋಗಿ ಆಕಿಗೆ ಕೊಟ್ಟು ಬರ್ತೀನಿ. ಇನ್ನೂ ಹೊಲದಾಗ ಇರ್ತಾಳ. ಕೊಡ್ರಿ!"

ನಾಲ್ಕು ನಿಮಿಷ.

ವಿಜಯಕುಮಾರ ಮಗಳ ಮುಖ ನೋಡಿದ. ಬಾಗಿಲು ನೋಡಿದ. ಎಷ್ಟು ಮನೆ, ಎಷ್ಟು ಬಾಗಿಲು. ಎಲ್ಲರೂ ಮುಂದೆ ಹೋಗು ಅಂದವರೇ. ಕೊಟ್ಟವರೆಲ್ಲ ಹೇಳಿದ್ದೂ ಅದನ್ನೇ. ಒಳಗೆ ಬಾ ಅಂದವನು ಒಬ್ಬನೂ ಇಲ್ಲ.

ಅವನು ಕಂಬಳಿ ಹಿಡಿದು ಎದ್ದ. ಉಮಾಶ್ರೀ ಕಾಲು ಹಿಡಿದಳು. ಬಿಡಿಸಿಕೊಂಡ. ಚಿಲಕ ತಣ್ಣಗಿತ್ತು. ಎಳೆದ.

ಮಳೆ. ಕತ್ತಲು. ಯಾರೂ ಇರಲಿಲ್ಲ.

"ಒಳಗ ಬಾ, ತಂಗಿ," ಎಂದ. "ಕೂಸಿನ್ನ ಕರಕೊಂಡು ಒಳಗ ಬಾ."

ಗಾಳಿ ನಿಂತಿತು. ಹೊಸ್ತಿಲ ಮೇಲೆ ನೀರು ಬಿತ್ತು. ಒಂದು ಹೆಜ್ಜೆ. ಒದ್ದೆಯಾದ, ಬರಿಗಾಲಿನ ಹೆಜ್ಜೆ. ಇನ್ನೊಂದು. ಅವನ ಪಕ್ಕದಿಂದ ಹಾದು ಹೋಯಿತು. ಅವನ ಕೈಯ ಕಂಬಳಿ ಜಾರಿತು. ನೆಲಕ್ಕೆ ಬೀಳಲಿಲ್ಲ. ಯಾರದೋ ಕೈಗೆ ಹೋಯಿತು. ಹೆಜ್ಜೆಗಳು ಚಾಪೆಯ ಹತ್ತಿರ ಹೋದವು. ಕುಳಿತವು.

ಐದು ನಿಮಿಷ.

"ಮುಟ್ಟಬ್ಯಾಡ!" ಉಮಾಶ್ರೀ ಚೀರಿ ಮುನ್ನುಗ್ಗಿದಳು. ಅವನು ಅವಳನ್ನು ಹಿಡಿದ. ಅವಳು ಕಚ್ಚಿದಳು. ಬಿಡಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತು, ಅವನಿಗೆ ಗೊತ್ತಿಲ್ಲ. ಹಿಡಿದದ್ದಷ್ಟೇ ಗೊತ್ತು.

ಸೋನಾಲಿಯ ಹಣೆಯ ಮೇಲಿನ ಕೂದಲು ತಾನಾಗಿ ಹಿಂದಕ್ಕೆ ಸರಿಯಿತು. ಯಾರೋ ಸವರಿದಂತೆ. ತಲೆ ಮೇಲೆದ್ದಿತು, ತೊಡೆಯ ಮೇಲಿಟ್ಟಂತೆ. ಜೋಗುಳವಲ್ಲದ ಜೋಗುಳ, ಗಂಟಲೊಳಗಿನ ಗುನುಗು, ಕುರಿ ಮರಿಯನ್ನು ಕರೆಯುವಂಥದು. ಕೈ ಸಡಿಲಿತು. ಕಾಲು ಸಡಿಲಿತು. ಬೆನ್ನು ಚಾಪೆಗೆ ತಾಗಿತು. ಉಸಿರು ಬಂತು. ಉದ್ದನೆಯ ಉಸಿರು.

ಬೆಳಕಿಂಡಿ ತೆರೆಯಿತು. ಬೂದಿ ಬಣ್ಣದ ಬೆಳಕು ಬಿತ್ತು. ಸೋನಾಲಿ ಕಣ್ಣು ಬಿಟ್ಟಳು.

"ಸೋನೀ! ನನ್ನ ಬಂಗಾರಾ!" ಉಮಾಶ್ರೀ ಬಿಡಿಸಿಕೊಂಡು ಓಡಿ ಅಪ್ಪಿದಳು. "ಇಲ್ಲಿ ನೋಡವ್ವಾ, ಯಾರು ನಾನು? ಯಾರು?"

ಕೂಸು ತಾಯಿಯ ಮುಖವನ್ನು ಅಪರಿಚಿತರನ್ನು ನೋಡುವಂತೆ ನೋಡಿತು. ಅವಳ ಹೆಗಲ ಮೇಲಿಂದ ಆಚೆ, ಖಾಲಿ ಮೂಲೆಯ ಕಡೆ ಕೈ ಚಾಚಿತು.

"ಅವ್ವಾ," ಎಂದಿತು.

*

ಸೋನಾಲಿಗೆ ಈಗ ಏಳು ತುಂಬಿದೆ. ಝಟಕಾ ಆಮೇಲೂ ಕೆಲವು ಜ್ವರಗಳಲ್ಲಿ ಬಂತು. ಪ್ರತಿ ಸಲವೂ ಚಿಕ್ಕದಾಗಿ ಬಂತು. ಡಾಕ್ಟರಮ್ಮ ಹೇಳಿದ ಹಾಗೆಯೇ ಅವರು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡುತ್ತ ಕಾದರು. ಕಂಬಳಿಯನ್ನು ಯಾರಿಗೂ ಕೊಡಲಿಲ್ಲ. ಐದು ದಾಟಿದ ಮೇಲೆ ಒಮ್ಮೆಯೂ ಬಂದಿಲ್ಲ. ಹುಡುಗಿ ಚುರುಕಾಗಿದ್ದಾಳೆ, ಸಾಲಿಯಲ್ಲಿ ಮರಾಠಿ ಕನ್ನಡ ಎರಡರಲ್ಲೂ ಮುಂದು.

ಹಿರೇವಸ್ತಿಯ ಬೇರೆ ಯಾವ ಕೂಸಿಗೂ ಅದು ಹೋಗಲಿಲ್ಲ. ಆದರೂ ಅದನ್ನು ಇಟ್ಟುಕೊಂಡ ಮನೆಯೆಂದು ಊರಿನ ತಾಯಂದಿರು ಅಂಗಡಿಯ ಕಟ್ಟೆ ಹತ್ತುವುದಿಲ್ಲ. ಗುಳಿಗೆಗೆ ಉಟಗಿಯ ತನಕ ಹೋಗುತ್ತಾರೆ. ಸಾವಿತ್ರವ್ವ ಸಾಯುವ ತನಕ ಅವರ ಬಾಗಿಲ ಮುಂದೆ ಉಗುಳಿ ಹಾದುಹೋಗುತ್ತಿದ್ದಳು. ಅಂಗಡಿ ಮುಚ್ಚಿತು. ವಿಜಯಕುಮಾರ ಈಗ ಅದೇ ಮನೆಯಿಂದ ದಿನಾ ಜತ್ತಕ್ಕೆ ಹೋಗಿ ಮತ್ತೆ ಬೇರೆಯವರ ಅಂಗಡಿಯಲ್ಲಿ ನಿಲ್ಲುತ್ತಾನೆ.

ಸೋನಾಲಿ ಹೆತ್ತವಳನ್ನು ಉಮಾ ಎಂದು ಕರೆಯುತ್ತಾಳೆ. ಬೈದರೂ ಅಷ್ಟೇ, ಅತ್ತು ಬೇಡಿಕೊಂಡರೂ ಅಷ್ಟೇ. ಅವ್ವಾ ಎನ್ನುವುದು ಒಳಕೋಣೆಯ ಮೂಲೆಗೆ. ಸಾಲಿಯಿಂದ ಬಂದು ಪಾಟಿಚೀಲ ಇಳಿಸಿ, ನೇರ ಅಲ್ಲಿಗೆ ಹೋಗಿ ಕೂತು, ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಹೊಸ್ತಿಲ ಈಚೆ ನಿಂತು ಉಮಾಶ್ರೀ ಕೇಳುತ್ತಾಳೆ. ಗಂಡನೊಂದಿಗೆ ಅವಳು ಮಾತು ಬಿಟ್ಟು ಐದು ವರ್ಷದ ಮೇಲಾಯಿತು.

ವಿಜಯಕುಮಾರನಿಗೆ ಮಗಳು ಉಳಿದಳು. ಉಮಾಶ್ರೀಗೆ ಉಳಿಯಲಿಲ್ಲ.